ದೆಹಲಿಲಿ ಗಾರ್ಡ್ ಡ್ಯೂಟಿ ಮಾಡೋ ತಮ್ಮನ ಫೋಟೋ ತೆಗೀಬೇಕು, ಊರಲ್ಲಿ ಗೌರವನೂ ಮಾಡ್ಬೇಕು, ತಿಳ್ದೋರು ಹೇಳಿ

ಹೇಮಾವತಿ ಕ್ಲಿಕ್ಸ್:

ಎಲ್ರಿಗೂ ನಮಸ್ಕಾರ. ನಾನು ಆಲೂರು ತಾಲ್ಲೂಕಿನವ್ಳು, ಕೆಲ್ಸ ಹಾಸನದಲ್ಲಿ, ಬಿಡುವಿದ್ದಾಗ ಫೋಟೋ ತೆಗೀತೀನಿ, ಜಾತ್ರೆ, ತೇರು, ಹಕ್ಕಿ, ಕಾಫಿ ಹೂ ಇಂಥವೇ ಜಾಸ್ತಿ. ನಮ್ ಚಿಕ್ಕಪ್ಪನ ಮಗ ಮಿಲಿಟ್ರಿಲಿದಾನೆ, ಈಗ ಅವ್ನ ಪಲ್ಟನ್ನು ದೆಹಲಿಲಿ ರಾಷ್ಟ್ರಪತಿ ಭವನದ ಗಾರ್ಡ್ ಡ್ಯೂಟಿಗೆ ಬಂದಿದೆ (ರೆಜಿಮೆಂಟ್ ಹೆಸ್ರು ಬರೀಬೇಡಕ್ಕ ಅಂದಿದಾನೆ, ಅದ್ಕೆ ಬರೀತಿಲ್ಲ). ಶನಿವಾರ ಜನಕ್ಕೆ ನೋಡೋಕೆ ಬಿಡ್ತಾರಲ್ಲ, ಗಾರ್ಡ್ ಬದಲಾವಣೆ ಕಾರ್ಯಕ್ರಮ, ಅದ್ರಲ್ಲಿ ಅವ್ನೂ ನಿಲ್ತಾನೆ. ಈ ಚಳಿಗಾಲಕ್ಕೆ ನಾನು ಚಿಕ್ಕಮ್ಮ ಇಬ್ರೂ ಹೋಗ್ತಾ ಇದೀವಿ. ಚಿಕ್ಕಮ್ಮ ಮಗನ್ನ ಆ ಡ್ರೆಸ್ಸಲ್ಲಿ ಕಣ್ಣಾರೆ ನೋಡೇ ಇಲ್ಲ, ಮನೇಲಿ ಗೋಡೆ ಮೇಲಿರೋದು ಕಸಮ್ ಪರೇಡ್ (ಟ್ರೇನಿಂಗ್ ಮುಗಿಸಿ ಪ್ರಮಾಣ ಮಾಡೋದು) ದಿನದ ಒಂದು ಗ್ರೂಪ್ ಫೋಟೋ, ಅದ್ರಲ್ಲಿ ಅವ್ನ್ಯಾರು ಅಂತ ಬೆರಳಿಟ್ಟು ತೋರಿಸ್ಬೇಕು.

ನನ್ ಹತ್ರ ಇರೋದು ಒಂದು ಕ್ರಾಪ್ ಸೆನ್ಸರ್ ಕ್ಯಾಮೆರಾ, 70-300 ಲೆನ್ಸ್, ಒಂದು 50. ಹೇಗೆ ತೆಗೀಬೇಕು, ಏನ್ ತೆಗೀಬಾರ್ದು, ಆನ್‌ಲೈನಲ್ಲಿ ಹಾಕ್ಬೋದಾ ಇದೆಲ್ಲ ಗೊತ್ತಿರೋರು ಹೇಳಿ.

ಇನ್ನೊಂದು ವಿಷ್ಯ, ನಿಜ ಹೇಳ್ಬೇಕಂದ್ರೆ ಅದೇ ನಂಗೆ ಜಾಸ್ತಿ ಕೊರೀತಿರೋದು. ಊರಲ್ಲಿ ಅವ್ನಿಗೊಂದು ಸನ್ಮಾನ ಮಾಡೋಣ ಅಂತ ನಾವು ಕೆಲವ್ರು ಮಾತಾಡಿದ್ವಿ. ಅದ್ಕೆ ಒಬ್ರು ಹಿರಿಯರು, ಅವ್ನೇನು ಬಾರ್ಡರಲ್ಲಿ ಅವ್ನಾ, ಡೆಲ್ಲಿಲಿ ಬ್ಯಾಂಡಿನ ಮುಂದೆ ನಿಂತ್ಕೊಳ್ಳೋದು ತಾನೇ ಅಂದ್ಬಿಟ್ರು. ಫೋನಲ್ಲಿ ಇವ್ನಿಗೆ ಕೇಳಿದ್ರೆ ಇವ್ನೂ ಅದೇ, ನಂಗ್ಯಾಕಕ್ಕ ಸನ್ಮಾನ, ಸಿಯಾಚಿನಲ್ಲಿ ಇರೋರ್ಗೆ ಮಾಡಿ ಅಂತಾನೆ. ನಂಗೆ ಆ ಮಾತು ಒಪ್ಪೋಕಾಗ್ತಿಲ್ಲ, ಆದ್ರೆ ಊರಿನವ್ರಿಗೆ ಹೇಗೆ ಹೇಳೋದು ಅಂತನೂ ಗೊತ್ತಾಗ್ತಿಲ್ಲ. ಅವ್ನ ಕೆಲ್ಸ ಏನು ಅಂತ ಫೋಟೋದಲ್ಲೇ ಕಾಣ್ಬೇಕು ಅನ್ನೋದು ನನ್ನಾಸೆ.

---

ಬಿಎಂ ರೋಡ್ ಸ್ಟುಡಿಯೋ:

ಮೇಡಂ ನಿಮ್ 70-300 ಧಾರಾಳ ಸಾಕು, ಹೊಸ ಲೆನ್ಸ್ ಬಾಡಿಗೆಗೆ ತಗೊಂಡು ದುಡ್ಡು ಖರ್ಚು ಮಾಡ್ಬೇಡಿ. ಹಗಲು ಕಾರ್ಯಕ್ರಮ, ಬೆಳಕಿರುತ್ತೆ. ಮೊದ್ಲು ರಾಷ್ಟ್ರಪತಿ ಭವನದ ವೆಬ್‌ಸೈಟಲ್ಲಿ ಬುಕ್ ಮಾಡ್ಕೊಳ್ಳಿ, ಬುಕ್ ಮಾಡಿರೋರ ಐಡಿ ಕಾರ್ಡ್ ಒರಿಜಿನಲ್ಲೇ ಇರ್ಲಿ, ಬುಕಿಂಗ್ ಜೊತೆ ಬರೋ ಸೂಚನೆನ ಪೂರ್ತಿ ಓದಿ. ಗೇಟಲ್ಲಿ ಸೆಕ್ಯುರಿಟಿಯವ್ರು ಏನು ಒಳಗೆ ಬಿಡ್ತಾರೋ ಅಷ್ಟೇ, ಇದು ಬೇಡ ಅಂದ್ರೆ ವಾದಕ್ಕೆ ನಿಲ್ಬೇಡಿ, ನಿಮ್ ತಮ್ಮ ಅಲ್ಲೇ ಕೆಲ್ಸ ಮಾಡೋದು ಅನ್ನೋದು ನೆನಪಿರ್ಲಿ.

ಕ್ಯಾಮೆರಾ ಒಳಗೆ ಹೋಯ್ತು ಅಂದ್ಕೊಳ್ಳಿ. ನಡೀವಾಗ ಶಟರ್ 1/800ಗಿಂತ ಕೆಳಗೆ ಇಳಿಸ್ಬೇಡಿ, ಕೈ ಬೀಸೋ ವೇಗ ಕಣ್ಣಿಗೆ ಕಾಣೋದಕ್ಕಿಂತ ಜಾಸ್ತಿ ಇರುತ್ತೆ, 1/250ರಲ್ಲಿ ಮುಖ ಶಾರ್ಪ್ ಬಂದ್ರೂ ಕೈಗವುಸು ಮಸುಕಾಗುತ್ತೆ. ಫೋಕಸ್ ಕಂಟಿನ್ಯುಅಸ್ ಮೋಡಲ್ಲಿರ್ಲಿ, ಒಂದೇ ಪಾಯಿಂಟು, ಅದು ನಿಮ್ ತಮ್ಮನ ಮುಖದ ಮೇಲೆ. ರಾ ಫೈಲಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೀರಿ. ರಾಷ್ಟ್ರಪತಿಯವ್ರ ಅಂಗರಕ್ಷಕ ದಳದ ಕುದುರೆ ಸವಾರರು ಚಳಿಗಾಲದಲ್ಲಿ ಕೆಂಪು ಕೋಟು, ನೀಲಿ ಬಂಗಾರದ ಬಣ್ಣದ ಪೇಟದಲ್ಲಿ ಬರ್ತಾರೆ, ಆ ಕೆಂಪು ಬಿಸಿಲಿಗೆ ಬಿದ್ರೆ ಕ್ಯಾಮೆರಾದಲ್ಲಿ ಸುಟ್ಟೋಗುತ್ತೆ, ಬಟ್ಟೆ ನೇಯ್ಗೆ ಏನೂ ಕಾಣದೆ ಬರೀ ಕೆಂಪು ಗುಡ್ಡೆ ಆಗುತ್ತೆ, ಮದುವೆ ಮನೇಲಿ ಕೆಂಪು ರೇಷ್ಮೆ ಸೀರೆಗೆ ಆಗೋ ಹಾಗೇನೇ. ಅದ್ಕೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ, ಹಿಸ್ಟೋಗ್ರಾಮಲ್ಲಿ (ಕ್ಯಾಮೆರಾ ತೋರಿಸೋ ಬೆಳಕಿನ ಗ್ರಾಫ್) ಕೆಂಪು ಚಾನೆಲ್ ಬೇರೆಯಾಗಿ ನೋಡಿ. ಬಿಳಿ ಕೈಗವುಸಿಗೂ ಇದೇ ಮಾತು. ಮುಖದ ಮೇಲೆ ಟೋಪಿ ನೆರಳು ಬಿದ್ರೆ ಆಮೇಲೆ ಎತ್ಕೋಬೋದು, ಸುಟ್ಟೋಗಿರೋ ಬಿಳಿನ ವಾಪಸ್ ತರೋಕಾಗಲ್ಲ.

ಫ್ಲ್ಯಾಶ್ ಆಫ್ ಮಾಡಿ, ಕುದುರೆಗಳಿರೋ ಜಾಗ. ಜನವರಿ ಆದ್ರೆ ದೆಹಲಿಲಿ ಮಂಜು ಇರುತ್ತೆ, ಅದ್ನ ಕೆಟ್ಟ ಬೆಳಕು ಅಂದ್ಕೋಬೇಡಿ, ನಮ್ ಸಕಲೇಶಪುರ ಘಾಟಿಯಲ್ಲಿ ತೆಗ್ದು ಅಭ್ಯಾಸ ಇರೋರ್ಗೆ ಹೇಳಿ ಕೊಡ್ಬೇಕಾಗಿಲ್ಲ ಅದು.

ಇನ್ನೊಂದು ಮಾತು. ಎಲ್ರೂ ಸಾಲು ಪೂರ್ತಿ ಬರ್ಲಿ ಅಂತ ವೈಡ್ ಅಲ್ಲಿ ತೆಗೀತಾರೆ, ಆಗ ನಿಮ್ಮನೇಲಿ ಈಗಿರೋ ಗ್ರೂಪ್ ಫೋಟೋ ಥರನೇ ಇನ್ನೊಂದಾಗುತ್ತೆ. 300ಕ್ಕೆ ಜೂಮ್ ಮಾಡಿ ಸಾಲಿನ ತುದಿಯಿಂದ ಓರೆಯಾಗಿ ತೆಗೀರಿ, ಒಬ್ಬನ ಹಿಂದೆ ಒಬ್ಬ, ಗದ್ದಗಳೆಲ್ಲ ಒಂದೇ ಗೆರೇಲಿ ಬರುತ್ತೆ, ಫೋಕಸ್ ಮಾತ್ರ ತಮ್ಮನ ಮೇಲೆ. ಅವ್ನ ಶಿಸ್ತೂ ಕಾಣುತ್ತೆ, ಅವ್ನೂ ಕಾಣ್ತಾನೆ.

---

ಮಾಜಿ ಹವಾಲ್ದಾರ್ ಸಕಲೇಶಪುರ:

ತಂಗಿ, ನಿನ್ ಪೋಸ್ಟ್ ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ಬೆಂಗಳೂರು ಎಂಇಜಿಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೈನ್ಯದ ಎಂಜಿನಿಯರ್ ದಳ) ಸರ್ವಿಸ್ ಮಾಡ್ದೋನು, ಫೀಲ್ಡಲ್ಲೂ ಇದ್ದೆ, ಕ್ವಾರ್ಟರ್ ಗಾರ್ಡ್, ಗಾರ್ಡ್ ಆಫ್ ಆನರ್, ಜೊತೆಗಾರರ ಅಂತ್ಯಸಂಸ್ಕಾರದ ಫೈರಿಂಗ್ ಪಾರ್ಟಿ ಎಲ್ಲದರಲ್ಲೂ ನಿಂತಿದೀನಿ. ಆ ಹಿರಿಯರಿಗೆ ನನ್ ಪರವಾಗಿ ಒಂದ್ ಮಾತು ಹೇಳು. ಗಾರ್ಡ್ ಡ್ಯೂಟಿಗೆ ಅಂತ ಬೇರೆ ಸಿಪಾಯಿಗಳ್ನ ಹುಟ್ಟಿಸಲ್ಲ. ರಾಷ್ಟ್ರಪತಿ ಭವನದ ಗಾರ್ಡ್ ಡ್ಯೂಟಿ ಇನ್‌ಫೆಂಟ್ರಿ ಬೆಟಾಲಿಯನ್‌ಗಳಿಗೆ ಸರದಿ ಮೇಲೆ ಬರುತ್ತೆ, ಇವತ್ತು ಅಲ್ಲಿ ಬಿಳಿ ಕೈಗವುಸು ಹಾಕ್ಕೊಂಡು ನಿಂತಿರೋನು ಹಿಂದೆ ಗಡಿಲಿ ಇದ್ದು ಬಂದೋನೇ ಇರ್ತಾನೆ, ನಾಳೆ ಸರದಿ ಮುಗಿದ್ರೆ ಮತ್ತೆ ಅಲ್ಲಿಗೇ ಹೋಗೋನು. ಕುದುರೆ ಮೇಲಿರೋ ಅಂಗರಕ್ಷಕ ದಳ ಅಂತೂ 1773ರಲ್ಲಿ ಬನಾರಸಲ್ಲಿ ಶುರುವಾದ್ದು, ನಮ್ ಸೈನ್ಯದಲ್ಲೇ ಹಳೇ ರೆಜಿಮೆಂಟು, ಅವ್ರೂ ಪ್ಯಾರಾಚೂಟ್ ಟ್ರೇನಿಂಗ್ ಮಾಡ್ದೋರು, ಸಿಯಾಚಿನ್‌ಗೂ ಅವ್ರಲ್ಲಿ ಜನ ಹೋಗಿದಾರೆ.

ಇನ್ನು ನಿಂತ್ಕೊಳ್ಳೋದು ತಾನೇ ಅನ್ನೋದು. ಅವ್ರಿಗೆ ಅಂಗಳದಲ್ಲಿ ಅರ್ಧ ಗಂಟೆ ಕಣ್ಣಿನ ಗುಡ್ಡೆ ಕದಲಿಸದೆ ನಿಂತ್ಕೊಳ್ಳಿ ಅಂತ ಹೇಳು. ಅಲ್ಲಾಡದೆ ನಿಂತ್ರೆ ರಕ್ತ ಕಾಲಲ್ಲೇ ಇಳ್ಕೊಂಡ್ಬಿಡುತ್ತೆ, ತಲೆಗೆ ಸಾಲದೆ ಕಣ್ಣು ಕತ್ತಲೆ ಬಂದು ಗಟ್ಟಿಮುಟ್ಟಾದ ಆಳು ರೈಫಲ್ ಸಮೇತ ಬೀಳ್ತಾನೆ. ಅದ್ಕೆ ಮಂಡಿ ಬಿಗಿಯಾಗಿ ಲಾಕ್ ಮಾಡ್ಬೇಡ, ಬೂಟೊಳಗೆ ಬೆರಳು ಆಡಿಸ್ತಾ ಇರು ಅಂತ ಉಸ್ತಾದ್ (ಡ್ರಿಲ್ ಕಲಿಸೋರು) ಹೇಳಿಕೊಡ್ತಾರೆ, ಹೊರಗೆ ಯಾರಿಗೂ ಕಾಣಲ್ಲ ಅದು. ಡ್ರಿಲ್ ಬೂಟಿನ ಅಡಿಗೆ ಮೊಳೆ, ಹಿಮ್ಮಡಿಗೆ ಕಬ್ಬಿಣದ ಲಾಳ ಇರುತ್ತೆ, ನುಣುಪು ಕಲ್ಲು ಹಾಸಿನ ಮೇಲೆ ಅದ್ರಲ್ಲಿ ತಿರುಗಿ ಕಾಲು ಹೊಡೀಬೇಕು, ಜಾರ್ಬಾರ್ದು. ಬೆಳಿಗ್ಗೆ ಕಾರ್ಯಕ್ರಮ ಅಂದ್ರೆ ಹಿಂದಿನ ರಾತ್ರಿ ಬ್ಯಾರಕ್ಕಲ್ಲಿ ಬ್ರಾಸೋ ಹಚ್ಚಿ ಬೆಲ್ಟಿನ ಹಿತ್ತಾಳೆ ತಿಕ್ಕೋದು, ಬೂಟಿಗೆ ಪಾಲಿಶ್ ಮೇಲೆ ಪಾಲಿಶ್, ಡ್ರೆಸ್ಸಿಗೆ ಗಂಜಿ ಇಸ್ತ್ರಿ, ಒಬ್ರಿಗೊಬ್ರು ಹಿಂದುಗಡೆ ನೋಡಿ ದಾರ ಗೀರ ಇದ್ರೆ ಕತ್ತರಿಸೋದು. ನಿದ್ದೆ ಕಮ್ಮಿ. ನಿನಗೆ ಅವಕಾಶ ಸಿಕ್ಕಿದ್ರೆ ಅದ್ರ ಫೋಟೋ ತೆಗೀಬೋದಿತ್ತು, ಆದ್ರೆ ಬ್ಯಾರಕ್ ಒಳಗೆ ಕ್ಯಾಮೆರಾ ಬಿಡಲ್ಲ, ಕೇಳ್ಲೂಬೇಡ, ಕೇಳಿದ್ರೆ ಅವ್ನಿಗೇ ಮುಜುಗರ.

ಫೋಟೋ ಯಾವಾಗ ಅಂದ್ರೆ, ಆರ್ಡರ್ ಕಿವಿಗೊಟ್ಟು ಕೇಳು, ಹಿಂದಿಲಿ ಇರುತ್ತೆ. 'ಸಲಾಮಿ ಶಸ್ತ್ರ್' ಅಂದ್ರೆ ರೈಫಲ್ ಎದೆ ಮುಂದೆ ಬರುತ್ತೆ, ಕೊನೇ ಮೂವ್‌ಮೆಂಟ್ ಆದ್ಮೇಲೆ ಎಲ್ಲ ಕಲ್ಲಾಗ್ಬಿಡ್ತಾರೆ, ಆಗ ಆರಾಮಾಗಿ ತೆಗೀಬೋದು. 'ದಾಹಿನೇ ದೇಖ್' ಅಂದ್ರೆ ಮುಖ ಬಲಕ್ಕೆ ತಿರುಗುತ್ತೆ, ಆದ್ರೆ ಬಲಗಡೆ ತುದಿಲಿರೋನು ತಿರುಗಲ್ಲ, ಸಾಲು ನೇರ ಹೋಗೋದು ಅವ್ನ ಕಣ್ಣಿನ ಮೇಲೆ, ನಿಮ್ ತಮ್ಮ ಆ ಜಾಗದಲ್ಲಿದ್ರೆ ಯಾಕಪ್ಪ ಇವ್ನೊಬ್ನು ತಿರುಗ್ಲಿಲ್ಲ ಅಂದ್ಕೋಬೇಡ. ರಾಷ್ಟ್ರಗೀತೆ ಶುರುವಾದ ತಕ್ಷಣ ಕ್ಯಾಮೆರಾ ಕೆಳಗಿಳಿಸಿ ನೀನೂ ಸಾವಧಾನದಲ್ಲಿ (ಅಟೆನ್ಷನ್) ನಿಲ್ಲು. 52 ಸೆಕೆಂಡು. ಅಷ್ಟು ಹೊತ್ತು ಫೋಟೋ ಇಲ್ದಿದ್ರೆ ಏನೂ ಕಳ್ಕೊಳ್ಳಲ್ಲ. ಅವ್ನ ಹೆಸ್ರು ಕೂಗ್ಬೇಡ, ಕೈ ಬೀಸ್ಬೇಡ, ಚಿಕ್ಕಮ್ಮಂಗೂ ಮೊದ್ಲೇ ಹೇಳಿರು, ಅವ್ನು ನೋಡಿದ್ರೂ ನೋಡದವ್ನ ಥರ ಇರ್ತಾನೆ, ಬೇಜಾರು ಮಾಡ್ಕೋಬಾರ್ದು ಅಂತ.

ಆನ್‌ಲೈನ್ ಬಗ್ಗೆ ಖಡಕ್ಕಾಗಿ ಹೇಳ್ತೀನಿ. ಸಾರ್ವಜನಿಕ ಕಾರ್ಯಕ್ರಮದ ಫೋಟೋ ಹಾಕೋದು ಬೇರೆ, ಇವ್ನು ಇಂಥೋನು, ಇಂಥ ಯೂನಿಟ್ಟು, ಇಂಥ ಊರು, ಇವ್ರಮ್ಮ ಇವ್ರು ಅಂತ ಬರ್ದು ಹಾಕೋದು ಬೇರೆ. ಎರಡನೇದು ಮಾಡ್ಲೇಬೇಡ. ಫೋಟೋ ಜೊತೆ ಲೊಕೇಶನ್ ಹೋಗ್ದಂಗೆ ಆಫ್ ಮಾಡು. ಅವ್ನಿಗೆ ಟ್ಯಾಗ್ ಅಂತೂ ಬೇಡವೇ ಬೇಡ, 2020ರ ಜುಲೈಲಿ ಸೈನ್ಯ ತನ್ನವರಿಗೆ ಫೇಸ್‌ಬುಕ್ ಇನ್‌ಸ್ಟಾಗ್ರಾಂ ಸೇರಿ 89 ಆಪ್ ತೆಗ್ದಾಕಿ ಅಂತ ಆರ್ಡರ್ ಮಾಡಿತ್ತು, ನೀನು ಪ್ರೀತಿಯಿಂದ ಮಾಡಿದ್ದು ಅವ್ನಿಗೆ ವಿಚಾರಣೆ ತಂದಿಡ್ಬಾರ್ದು.

---

ಕಡೂರ್ ಕೆಡೆಟ್:

ಅಕ್ಕ ನಾನು ಎನ್‌ಸಿಸಿ, ಒಂದು ಐಡಿಯಾ ಹೇಳ್ಲಾ? ದೆಹಲಿಗೆ ಹೋಗೋ ಮುಂಚೆ ಇಲ್ಲೇ ಪ್ರಾಕ್ಟೀಸ್ ಮಾಡಿ. ನಮ್ ಚಿಕ್ಕಮಗಳೂರಲ್ಲೂ ಹಾಸನದಲ್ಲೂ ಆಗಸ್ಟ್ 15, ನವೆಂಬರ್ 1, ಜನವರಿ 26ಕ್ಕೆ ಮುಂಚೆ ಕ್ರೀಡಾಂಗಣದಲ್ಲಿ ರಿಹರ್ಸಲ್ ನಡೆಯುತ್ತೆ, ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು) ಪೊಲೀಸ್, ಹೋಂ ಗಾರ್ಡ್ಸ್, ನಾವು, ಸ್ಕೌಟ್ಸ್ ಎಲ್ಲ ಇರ್ತೀವಿ, ಅಲ್ಲಿನ ಇನ್‌ಸ್ಪೆಕ್ಟರ್‌ಗೆ ಕೇಳಿ ಪರ್ಮಿಷನ್ ತಗೊಂಡು ತೆಗೀಬೋದು. ಕೈ ಭುಜದ ಮಟ್ಟಕ್ಕೆ ಬಂದಾಗ, ಮುಂದಿನ ಕಾಲು ಹಿಮ್ಮಡಿ ಊರೋಕೆ ಇನ್ನೇನು ಒಂಚೂರಿದೆ ಅನ್ನುವಾಗ ಕ್ಲಿಕ್ ಮಾಡಿ, ಎರಡು ಕಾಲೂ ಒಟ್ಟಿಗೆ ಬಂದಾಗ ತೆಗೆದ್ರೆ ನಿಂತಂಗೆ ಕಾಣುತ್ತೆ. ಆ ತಾಳ ಕಣ್ಣಿಗೆ ಸಿಗೋಕೆ ಒಂದಷ್ಟು ಹೊತ್ತು ಬೇಕು.

ಮತ್ತೆ ರಿಹರ್ಸಲಿಗೆ ಬರೋ ಪೊಲೀಸಿನವ್ರದ್ದೂ ತೆಗ್ದು ಒಂದ್ ಕಾಪಿ ಕೊಡಿ ಅಕ್ಕ. ಅವ್ರ ಫೋಟೋ ಯಾರೂ ತೆಗಿಯಲ್ಲ, ಎಲ್ರ ಕ್ಯಾಮೆರಾನೂ ಸ್ಟೇಜ್ ಕಡೆಗೇ ಇರುತ್ತೆ.

---

ಹಳೇಬೀಡು ಟೀಚರ್:

ನಾನು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡೋಳು. ಕ್ಯಾಮೆರಾ ವಿಷ್ಯ ನಂಗೆ ಗೊತ್ತಿಲ್ಲ, ಆ ಹಿರಿಯರು ಕೇಳಿದ ಪ್ರಶ್ನೆಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ನಮ್ ಜಿಲ್ಲೆಯವ್ರು ಆ ಪ್ರಶ್ನೆ ಕೇಳ್ಬಾರ್ದು ಅನ್ಸುತ್ತೆ ನಂಗೆ.

ಹಳೇಬೀಡಿಗೆ ಬಂದೋರೆಲ್ಲ ಹೊಯ್ಸಳೇಶ್ವರ ಗುಡಿ ಗೋಡೆ ನೋಡ್ಕೊಂಡು ನಂದಿ ಹತ್ರ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ದಕ್ಷಿಣದ ಕಡೆ ಒಂದು ಕಂಬ ಇದೆ, ಗರುಡಗಂಬ, ಹೆಚ್ಚಿನವ್ರು ನೋಡೋದೇ ಇಲ್ಲ. ಅದು ಯಾವುದೋ ದೊಡ್ಡ ಯುದ್ಧ ಗೆದ್ದಿದ್ದಕ್ಕೆ ಹಾಕಿದ ಕಂಬ ಅಲ್ಲ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ ಮತ್ತು ಅವ್ನ ಕಡೆಯವ್ರ ನೆನಪಿಗೆ ಹಾಕಿದ್ದು. ಗರುಡರು ಅಂದ್ರೆ ದೊರೆ ಪಕ್ಕ ನಿಲ್ಲೋರು, ದೊರೆ ಸತ್ರೆ ತಾವೂ ಪ್ರಾಣ ಬಿಡ್ತೀವಿ ಅಂತ ಭಾಷೆ ಕೊಟ್ಟೋರು, ಕಂಬದ ಮೇಲೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ತಿರೋ ವೀರರ ಕೆತ್ತನೆ ಇದೆ. ಇವತ್ತಿಗೆ ಅಂಥ ವ್ರತ ನಾವ್ಯಾರೂ ಒಪ್ಪಲ್ಲ, ಒಪ್ಪಲೂಬಾರ್ದು. ಆದ್ರೆ ಪಕ್ಕದಲ್ಲಿ ನಿಂತು ಕಾಯೋದು ಕೆಲ್ಸವೇ, ಅದನ್ನ ಕಲ್ಲಲ್ಲಿ ಹೆಸರು ಸಮೇತ ಬರ್ದಿಡ್ಬೇಕು ಅಂತ ಎಂಟುನೂರು ವರ್ಷದ ಹಿಂದೆ ನಮ್ಮ ನೆಲದಲ್ಲಿ ಯಾರಿಗೋ ಅನ್ಸಿತ್ತು.

ಇನ್ನೂ ಹಿಂದಕ್ಕೆ ಹೋದ್ರೆ ನಮ್ ಬೇಲೂರು ತಾಲ್ಲೂಕಿನ ಹಲ್ಮಿಡಿ. ಕನ್ನಡದ ಹಳೇ ಶಾಸನ, ಸುಮಾರು ಕ್ರಿ.ಶ. 450 ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಿ, ಅದ್ರಲ್ಲಿ ಏನಿದೆ ಅಂತ ಹೇಳೋರು ಕಮ್ಮಿ. ಯುದ್ಧದಲ್ಲಿ ಸಾಹಸ ತೋರಿಸಿದ ವಿಜ ಅರಸ ಅನ್ನೋನಿಗೆ ಕತ್ತಿ ತೊಳೆದು ಎರಡು ಹಳ್ಳಿ ಕೊಟ್ಟ ವಿಷ್ಯ ಅದ್ರಲ್ಲಿರೋದು. ಅಂದ್ರೆ ಸೈನಿಕನಿಗೆ ಗೌರವ ಮಾಡೋ ಒಂದು ವಿಧಿ, ಊರವ್ರ ಮುಂದೆ ಮಾಡಿದ್ದು. ಆಗ್ಲೂ ಒಬ್ಬ ಯಾರೋ ಆ ನೀರು ಹಿಡ್ಕೊಂಡು ನೇರವಾಗಿ ನಿಂತಿದ್ದಿರ್ಬೇಕಲ್ಲ. ಮಾಡಿದ ಸಾಹಸಕ್ಕೆ ಸಾಕ್ಷಿ ನಿಲ್ಲೋರಿಲ್ದೆ ಹೋದ್ರೆ ಆ ಸಾಹಸ ಮನೆಯವ್ರಿಗೆ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ. ನಿಮ್ ತಮ್ಮ ಮಾಡ್ತಿರೋದು ಆ ಕೆಲ್ಸ.

ಸನ್ಮಾನಕ್ಕೆ ಜನವರಿ 15 ಒಳ್ಳೇ ದಿನ. 1949ರಲ್ಲಿ ಅದೇ ದಿನ ಕೊಡಗಿನ ಕಾರಿಯಪ್ಪನವ್ರು ಭಾರತದ ಸೈನ್ಯದ ಮೊದಲ ಭಾರತೀಯ ದಂಡನಾಯಕರಾಗಿದ್ದು, ಅದಕ್ಕೇ ಸೇನಾ ದಿನ. ಸಂಕ್ರಾಂತಿಗೆ ಊರಿಗೆ ಬಂದಿರೋ ಮಕ್ಕಳೂ ಇರ್ತಾರೆ.

---

ಮಾಜಿ ಹವಾಲ್ದಾರ್ ಸಕಲೇಶಪುರ:

ಟೀಚರಮ್ಮ ಹೇಳಿದ್ದು ಮನಸ್ಸಿಗೆ ನಾಟ್ತು. ಆದ್ರೆ ಜನವರಿಲಿ ಆ ಹುಡುಗನಿಗೆ ರಜಾ ಸಿಗಲ್ಲಮ್ಮ, ದೆಹಲಿಲಿ 26ರ ಪರೇಡು, 29ಕ್ಕೆ ವಿಜಯ್ ಚೌಕಲ್ಲಿ ಬೀಟಿಂಗ್ ರಿಟ್ರೀಟು (ಸೇನಾ ಬ್ಯಾಂಡುಗಳ ಕಾರ್ಯಕ್ರಮ), ಇಂಥ ಡ್ಯೂಟಿಯವ್ರಿಗೆ ವರ್ಷದಲ್ಲೇ ಬಿಡುವಿಲ್ಲದ ತಿಂಗಳದು. ಯುಗಾದಿಗೋ ಊರಹಬ್ಬಕ್ಕೋ ಅವ್ನು ಬಂದಾಗ ಮಾಡಿ.

ಮಾಡುವಾಗ ಯೂನಿಫಾರಂ ಮೇಲೆ ಹಾರ, ಶಾಲು, ಮೈಸೂರು ಪೇಟ ಹಾಕೋದು ಬೇಡ. ಯೂನಿಫಾರಮಲ್ಲಿ ಟೋಪಿನೇ ಅವ್ನ ಕಿರೀಟ, ಅದ್ನ ತೆಗೆಸಿ ಪೇಟ ಇಡೋದು ಸರಿ ಕಾಣಲ್ಲ ನಂಗೆ. ಪಂಚೆ ಶರ್ಟಲ್ಲಿ ಬರ್ಲಿ, ಆಗ ಶಾಲು ಹೊದೆಸಿ ಸಂತೋಷವಾಗಿ. ಸ್ಟೇಜ್ ಮೇಲೆ ಯಾವ ಪಕ್ಷದ ಬಾವುಟ, ಬ್ಯಾನರು, ಶಲ್ಯ ಏನೂ ಇರ್ಬಾರ್ದು, ಸರ್ವಿಸಲ್ಲಿರೋನು ರಾಜಕೀಯದ ವೇದಿಕೆ ಹತ್ತೋ ಹಾಗಿಲ್ಲ, ಮುಖಂಡರು ಬರ್ತೀವಿ ಅಂದ್ರೆ ಕೆಳಗೆ ಜನರ ಜೊತೆ ಕೂತ್ಕೊಳ್ಳಲಿ. ಅಪ್ಪ ಅಮ್ಮನ್ನ ಮಾತ್ರ ಪಕ್ಕದಲ್ಲಿ ಕೂರಿಸಿ, ಮೊದ್ಲ ಶಾಲು ಆ ತಾಯಿಗೇ.

---

ಅರಕಲಗೂಡಿನವ್ಳು:

ಬರೀಲೋ ಬೇಡ್ವೋ ಅಂತ ಯೋಚ್ನೆ ಮಾಡಿ ಬರೀತಿದೀನಿ. ನಮ್ ಸೋದರಮಾವ ಸರ್ವಿಸಲ್ಲಿದ್ದಾಗಲೇ ತೀರ್ಕೊಂಡ್ರು, ಊರಿಗೆ ತಂದು ಸೇನಾ ಗೌರವದ ಜೊತೆ ಕಳಿಸ್ಕೊಟ್ರು. ಹೆಣ ಹೊತ್ತು ತಂದ ಹುಡುಗರು ಯಾರಿಗೂ ಕನ್ನಡ ಬರ್ತಿರ್ಲಿಲ್ಲ, ಮಾವನ್ನ ಮೊದ್ಲು ನೋಡಿದ್ರೋ ಇಲ್ವೋ ಗೊತ್ತಿಲ್ಲ. ಗದ್ದೆ ಬದು ಮೇಲೆ ಕೆಸರಲ್ಲಿ ಅಷ್ಟು ಭಾರ ಹೊತ್ತು ಒಂದೇ ಹೆಜ್ಜೆಲಿ ನಡೆದ್ರು, ಒಂದು ಸಲನೂ ಪೆಟ್ಟಿಗೆ ವಾಲ್ಲಿಲ್ಲ. ಜನ ಮಾತ್ರ ಮೊಬೈಲ್ ಎತ್ತಿ ಎತ್ತಿ ನುಗ್ಗಿ ಬಂದ್ರು, ಒಬ್ಬ ವಿಡಿಯೋದವ್ನು ನಮ್ಮತ್ತೆ ಮುಖದ ಹತ್ರಾನೇ ಕ್ಯಾಮೆರಾ ಇಟ್ಟ, ಸರೀರಿ ಅಂತ ಹೇಳೋಕೂ ಆಗದ ಹೊತ್ತು. ಬ್ಯೂಗಲ್ ಊದೋ ಹುಡುಗ, ಇಪ್ಪತ್ತು ದಾಟಿತ್ತೋ ಇಲ್ವೋ, ಆ ಗದ್ದಲದಲ್ಲೂ ಒಂದು ಸ್ವರ ತಪ್ಪದೆ ಲಾಸ್ಟ್ ಪೋಸ್ಟ್ (ಕೊನೇ ವಿದಾಯದ ರಾಗ) ಊದಿದ. ಆಮೇಲೆ ಬಾವುಟ ಮಡಚಿ ಅತ್ತೆ ಕೈಗೆ ಕೊಟ್ಟೋರು ಒಂದು ಮಾತಾಡ್ಲಿಲ್ಲ, ಸೆಲ್ಯೂಟ್ ಹೊಡೆದು ಹಿಂದೆ ಸರಿದ್ರು.

ನಮ್ಮನೆಲಿ ಆ ದಿನದ ಫೋಟೋ ಬೇಕಾದಷ್ಟಿವೆ, ಎಲ್ಲ ಜನ ಕಳಿಸಿದ್ದು, ನೋಡೋಕೆ ಆಗಲ್ಲ. ಅತ್ತೆ ಇಟ್ಕೊಂಡಿರೋದು ಒಂದೇ ಒಂದು, ನಮ್ಮೂರಿನ ಫೋಟೋದವ್ರು ದೂರದಲ್ಲಿ ಒಂದು ಮನೆ ಜಗಲಿ ಮೇಲೆ ನಿಂತು ತೆಗ್ದಿದ್ದು. ಅದ್ರಲ್ಲಿ ಆ ಹುಡುಗರು ರೈಫಲ್ ತಲೆಕೆಳಗು ಮಾಡಿ ತಲೆ ಬಗ್ಗಿಸಿ ನಿಂತಿದಾರೆ. ಅವ್ರ ಹೆಸ್ರು ಒಬ್ಬರದ್ದೂ ನಮಗೆ ಗೊತ್ತಿಲ್ಲ. ದೀಪಾವಳಿಲಿ ಅತ್ತೆ ಮಾವನ ಫೋಟೋ ಜೊತೆ ಆ ಫೋಟೋಗೂ ಹೂ ಇಡ್ತಾರೆ.

ನಿಮ್ಮೂರಿನ ಹಿರಿಯರಿಗೆ ಇದನ್ನೂ ಹೇಳಿ ಅಕ್ಕ. ನಿಮ್ ತಮ್ಮ ಇವತ್ತು ರಾಷ್ಟ್ರಪತಿ ಭವನದಲ್ಲಿ ನಿಂತಿರ್ಬೋದು, ನಾಳೆ ಯಾವ್ದೋ ಭಾಷೆ ಗೊತ್ತಿಲ್ಲದ ಊರಲ್ಲಿ ಯಾರದೋ ಮನೆ ಮುಂದೆ ನಿಲ್ಬೇಕಾಗುತ್ತೆ.

---

ಮಾಜಿ ಹವಾಲ್ದಾರ್ ಸಕಲೇಶಪುರ:

ತಾಯಿ, ಆ ಆರ್ಡರಿಗೆ 'ಶೋಕ್ ಶಸ್ತ್ರ್' ಅಂತಾರೆ. ರೈಫಲ್ ಬಾಯಿ ಬೂಟಿನ ಮೇಲೆ, ಎರಡೂ ಕೈ ಹಿಡಿಕೆ ಮೇಲೆ, ತಲೆ ಕೆಳಗೆ. ಬಾವುಟದ ಕೇಸರಿ ತಲೆ ಕಡೆಗೆ ಬರೋ ಹಾಗೆ ಹೊದಿಸ್ತಾರೆ, ಚಿತೆಗಾಗ್ಲಿ ಗುಂಡಿಗಾಗ್ಲಿ ಬಾವುಟ ಹೋಗೋ ಹಾಗಿಲ್ಲ, ಮುಂಚೆ ತೆಗ್ದು ಮಡಚಿ ಮನೆಯವ್ರಿಗೆ ಕೊಡ್ಬೇಕು. ಅದನ್ನ ಕೊಡೋ ಹೊತ್ತು ಏನಾದ್ರೂ ಮಾತಾಡಿದ್ರೆ ನಮ್ಮ ಗಂಟಲೂ ಕಟ್ಟುತ್ತೆ, ಅದಕ್ಕೇ ಮಾತಾಡಲ್ಲ. ಆ ಹುಡುಗರ ಪರವಾಗಿ ನಾನೇ ಹೇಳ್ತೀನಿ, ನಿಮ್ಮತ್ತೆ ಹೂ ಇಡ್ತಾರೆ ಅಂತ ಗೊತ್ತಾದ್ರೆ ಅವ್ರಿಗೆ ಅದಕ್ಕಿಂತ ದೊಡ್ಡ ಮೆಡಲ್ ಇಲ್ಲ.

ಫೋಟೋ ತೆಗೆಯೋರು ಯಾರಾದ್ರೂ ಇದ್ನ ಓದ್ತಿದ್ರೆ, ಊರಲ್ಲಿ ಇಂಥ ದಿನ ಬಂದ್ರೆ ಆ ಜಗಲಿ ಮೇಲೆ ನಿಂತೋರ ಥರ ದೂರ ನಿಲ್ಲಿ. ಮನೆಯವ್ರನ್ನ ಕೇಳದೆ ಅವ್ರ ಮುಖ ತೆಗೀಬೇಡಿ.

---

ಬಿಎಂ ರೋಡ್ ಸ್ಟುಡಿಯೋ:

ಸರಿಯಾಗಿ ಹೇಳಿದ್ರಿ ಸಾರ್. ಅಂಥ ಕಡೆ ಬರ್ಸ್ಟ್ ಮೋಡಲ್ಲಿ ಟಕಟಕ ಅನ್ನಿಸ್ಬಾರ್ದು, ಸೈಲೆಂಟ್ ಶಟರ್ ಇದ್ರೆ ಹಾಕ್ಕೊಳ್ಳಿ, ಲಾಸ್ಟ್ ಪೋಸ್ಟ್ ಮುಗಿಯೋವರೆಗೂ ಒಂದ್ ಕ್ಲಿಕ್ಕೂ ಬೇಡ. ಮೌನಾಚರಣೆಲಿ ಕ್ಯಾಮೆರಾ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತೆ ಅಂತ ತೆಗೆಯೋರಿಗೆ ಗೊತ್ತಾಗಲ್ಲ.

---

ಮೂಡಿಗೆರೆ ತೋಟ:

ಮಗಳ ಮನೆಗೆ ಅಂತ ಅಮೆರಿಕಾಗೆ ಹೋದಾಗ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಸ್ಮಶಾನ ನೋಡಿದ್ವಿ. ಹೆಸರು ಗೊತ್ತಿಲ್ಲದ ಸೈನಿಕನ ಸಮಾಧಿ ಅಂತ ಒಂದಿದೆ ಅಲ್ಲಿ, ಅದಕ್ಕೆ 1937ರಿಂದ ಹಗಲೂ ರಾತ್ರಿ ಒಂದು ಗಳಿಗೆ ಬಿಡದೆ ಕಾವಲು ಇದೆ. ಕಾವಲಿನವ್ನು 21 ಹೆಜ್ಜೆ ನಡೀತಾನೆ, ತಿರುಗಿ 21 ಸೆಕೆಂಡ್ ನಿಲ್ತಾನೆ, ಮತ್ತೆ 21 ಹೆಜ್ಜೆ, ಅಲ್ಲಿನ 21 ತೋಪಿನ ಗೌರವದ ಲೆಕ್ಕ ಅದು. ನಂಗೆ ಇವತ್ತಿಗೂ ಮರೀದೆ ಇರೋದು ಒಂದು ವಿಷ್ಯ, ಅಲ್ಲಿ ನಡೆಯೋ ಕಾವಲಿನವ್ನ ತೋಳಲ್ಲಿ ರ‍್ಯಾಂಕಿನ ಪಟ್ಟಿ ಇರಲ್ಲ. ಸಮಾಧಿಲಿ ಮಲಗಿರೋನ ರ‍್ಯಾಂಕು ಯಾರಿಗೂ ಗೊತ್ತಿಲ್ವಲ್ಲ, ತಾನು ಅವ್ನಿಗಿಂತ ಮೇಲು ಅಂತ ಕಾಣ್ಬಾರ್ದು ಅಂತ.

ನೋಡೋ ಜನನೂ ಫೋಟೋ ತೆಗೀತಾರೆ, ಯಾರೂ ಬೇಡ ಅನ್ನಲ್ಲ, ಆದ್ರೆ ಎಲ್ರೂ ಎದ್ದು ನಿಂತು ಬಾಯಿ ಮುಚ್ಕೊಂಡಿರ್ತಾರೆ, ಗದ್ದಲ ಮಾಡಿದ್ರೆ ಕಾವಲಿನವ್ನೇ ನಡಿಗೆ ನಿಲ್ಲಿಸಿ ಗಟ್ಟಿಯಾಗಿ ಎಚ್ಚರಿಸ್ತಾನೆ. ದೆಹಲಿಲೂ ನ್ಯಾಷನಲ್ ವಾರ್ ಮೆಮೋರಿಯಲ್ ಇದೆಯಲ್ಲ ಇಂಡಿಯಾ ಗೇಟ್ ಪಕ್ಕ, ಅಲ್ಲೂ ಹೋಗಿ ಬನ್ನಿ ಇವ್ರೆ, ಪ್ರವೇಶಕ್ಕೆ ದುಡ್ಡಿಲ್ಲ.

---

ಮಾಜಿ ಹವಾಲ್ದಾರ್ ಸಕಲೇಶಪುರ:

ಹೌದು, ಅದ್ನ ಹೇಳೋದು ಬಿಟ್ಟಿದ್ದೆ. 2019ರ ಫೆಬ್ರವರಿ 25ಕ್ಕೆ ಉದ್ಘಾಟನೆ ಆಯ್ತು ಆ ಸ್ಮಾರಕ. ಇಂಡಿಯಾ ಗೇಟ್ ಕೆಳಗೆ 1972ರಿಂದ ಉರೀತಿದ್ದ ಅಮರ್ ಜವಾನ್ ಜ್ಯೋತಿನ 2022ರ ಜನವರಿಲಿ ಅಲ್ಲಿನ ಜ್ಯೋತಿಗೆ ಸೇರಿಸಿದ್ರು. ಸುತ್ತ ನಾಕು ಚಕ್ರ, ಅದ್ರಲ್ಲಿ ತ್ಯಾಗ ಚಕ್ರದ ಗೋಡೆಗಳ ಮೇಲೆ ಸ್ವಾತಂತ್ರ್ಯ ಬಂದ್ಮೇಲೆ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಜನರ ಹೆಸ್ರು ಗ್ರಾನೈಟಲ್ಲಿ ಬರ್ದಿದಾರೆ. ದಿನಾ ಸಂಜೆ ಅಲ್ಲಿ ರಿಟ್ರೀಟ್ (ಸಂಜೆಯ ಸೇನಾ ವಿಧಿ) ಹೊತ್ತಿಗೆ ಒಬ್ಬ ಹುತಾತ್ಮರ ಮನೆಯವ್ರು ಬಂದು ಹೂಗುಚ್ಛ ಇಡ್ತಾರೆ, ಆ ಹೊತ್ತಿಗೆ ಹೋಗಿ. ನಮ್ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ್ ಅವ್ರು 2016ರ ಫೆಬ್ರವರಿ 3ರ ಸಿಯಾಚಿನ್ ಹಿಮಕುಸಿತದಲ್ಲಿ ಮದ್ರಾಸ್ ರೆಜಿಮೆಂಟಿನ ಇನ್ನೂ ಒಂಬತ್ತು ಜನರ ಜೊತೆ ಹೋದ್ರಲ್ಲ, ಧಾರವಾಡ ಕಡೆಯ ಹನುಮಂತಪ್ಪ ಕೊಪ್ಪದ್ ಅವ್ರೂ ಅದ್ರಲ್ಲೇ. ಚಿಕ್ಕಮ್ಮನ ಜೊತೆ ಅವ್ರ ಹೆಸ್ರು ಹುಡುಕ್ಕೊಂಡು ಹೋಗಿ ಕೈಮುಗೀರಿ. ಸಿಯಾಚಿನವ್ರಿಗೆ ಸನ್ಮಾನ ಮಾಡಿ ಅಂದ ನಿಮ್ ತಮ್ಮನ ಮಾತಿಗೂ ಬೆಲೆ ಕೊಟ್ಟಂಗಾಯ್ತು.

---

ಹೇಮಾವತಿ ಕ್ಲಿಕ್ಸ್:

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಅರಕಲಗೂಡಿನವ್ರು ಬರ್ದಿದ್ದನ್ನ ಚಿಕ್ಕಮ್ಮಂಗೆ ಓದಿ ಹೇಳ್ದೆ, ಅವ್ರು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಆ ಅತ್ತೆನ ಒಂದ್ಸಲ ನೋಡ್ಕೊಂಡು ಬರೋಣ ಅಂದ್ರು. ನಿಮಗೆ ಅಭ್ಯಂತರ ಇಲ್ದಿದ್ರೆ ಮೆಸೇಜ್ ಮಾಡ್ತೀನಿ.

ಈಗ ಹೀಗ್ ಅಂದ್ಕೊಂಡಿದೀನಿ, ಸರೀನಾ ಹೇಳಿ. ಮೊದ್ಲು ನಮ್ ಕ್ರೀಡಾಂಗಣದ ರಿಹರ್ಸಲಲ್ಲಿ ಕಲ್ತು, ಆಮೇಲೆ ದೆಹಲಿ. ಊರಲ್ಲಿ ಸನ್ಮಾನ ಅವ್ನೊಬ್ನಿಗೇ ಅಲ್ಲ, ನಮ್ ಸುತ್ತಮುತ್ತಲ ಹಳ್ಳಿಗಳಲ್ಲಿ ಸರ್ವಿಸಲ್ಲಿರೋರು, ನಿವೃತ್ತರು, ತೀರಿಕೊಂಡವ್ರ ಮನೆಯವ್ರು ಎಲ್ರನ್ನೂ ಕರೆದು, ಶಾಲೆ ಹಾಲಲ್ಲಿ ದೊಡ್ಡ ಪ್ರಿಂಟ್ ಹಾಕಿ ಒಂದು ಪ್ರದರ್ಶನದ ಥರ. ಹೀಗಾದ್ರೆ ಅವ್ನೂ ಒಪ್ತಾನೆ ಅನ್ಸುತ್ತೆ, ನಂಗ್ಯಾಕೆ ಅನ್ನೋಕೆ ಬಾಯಿ ಇರಲ್ಲ. ಒಂದೇ ಗೊಂದಲ, ಟೀಚರ್ ಹೆಸರು ಸಮೇತ ಬರ್ದಿಡ್ಬೇಕು ಅಂತಿದಾರೆ, ಹವಾಲ್ದಾರ್ ಸಾರ್ ಬರೀಬೇಡ ಅಂತಿದಾರೆ, ಪ್ರಿಂಟ್ ಕೆಳಗೆ ಏನ್ ಬರೀಲಿ?

---

ಮಾಜಿ ಹವಾಲ್ದಾರ್ ಸಕಲೇಶಪುರ:

ಮನೆ ಗೋಡೆ ಮೇಲಿನ ಫ್ರೇಮಿಗೆ ಎಲ್ಲಾ ಬರೀರಿ, ಹೆಸರು, ರ‍್ಯಾಂಕು, ರೆಜಿಮೆಂಟು, ವರ್ಷ, ಜಾಗ. ಮೊಮ್ಮಕ್ಕಳಿಗೆ ಬೇಕು ಅದು. ಶಾಲೆ ಹಾಲಲ್ಲಿ ಹೆಸರು, ಊರು ಸಾಕು, ಅಲ್ಲಿಗೆ ಬರೋರ್ಗೆ ಅವ್ನು ಗೊತ್ತಿರೋನೇ, ಯೂನಿಟ್ ಬೇಡ, ಬಂದೋರು ಮೊಬೈಲಲ್ಲಿ ತೆಗೀತಾರೆ. ಇಂಟರ್ನೆಟ್ಟಿಗೆ ಏನೂ ಬೇಡ, ಅವ್ನು ಪೆನ್ಶನ್ ಬಂದ್ಮೇಲೆ ಬೇಕಾದ್ರೆ ಅವ್ನೇ ಹಾಕ್ಕೊಳ್ಲಿ. ನಿವೃತ್ತರದ್ದು, ಹುತಾತ್ಮರದ್ದು ಪೂರ್ತಿ ವಿವರ ಬರೀಬೋದು, ಮನೆಯವ್ರನ್ನ ಕೇಳಿ. ಹಳ್ಳಿಗಳಲ್ಲಿ ಯಾರ್ಯಾರಿದಾರೆ ಅಂತ ಗೊತ್ತಾಗ್ದಿದ್ರೆ ಹಾಸನದಲ್ಲಿ ಸೈನಿಕ ಕಲ್ಯಾಣ ಕಚೇರಿಲಿ ವಿಚಾರ್ಸಿ. ಡಿಸೆಂಬರ್ 7 ಧ್ವಜ ದಿನ ಅಲ್ವಾ, ಪ್ರದರ್ಶನದಲ್ಲೊಂದು ಹುಂಡಿ ಇಟ್ಟು ಬಂದಿದ್ದನ್ನ ಧ್ವಜ ದಿನದ ನಿಧಿಗೆ ಅಲ್ಲೇ ಕಟ್ಟಿ ರಸೀದಿ ತಗೊಳ್ಳಿ.

---

ಬಿಎಂ ರೋಡ್ ಸ್ಟುಡಿಯೋ:

ಪ್ರಿಂಟ್ ನಂಗೆ ಬಿಡಿ ಮೇಡಂ. ಪೇಪರ್ ಖರ್ಚು ಕೊಟ್ರೆ ಸಾಕು, ಕೆಲ್ಸ ನಂದು. ಹೊಳಪಿನ ಪೇಪರ್ ಬೇಡ, ಶಾಲೆ ಹಾಲಲ್ಲಿ ಕಿಟಕಿ ಬೆಳಕು ಹೊಡೆದು ಮುಖ ಕಾಣಲ್ಲ, ಮ್ಯಾಟ್ ಹಾಕೋಣ. ಬಣ್ಣ ತಿದ್ದುವಾಗ ಟೋಪಿ ಮೇಲಿನ ಗರಿ, ಬೆಲ್ಟು, ರಿಬ್ಬನ್ ಇವುಗಳ ಬಣ್ಣ ಮುಟ್ಬೇಡಿ, ಒಂದೊಂದು ರೆಜಿಮೆಂಟಿಗೂ ಬೇರೆ ಬೇರೆ ಇರುತ್ತೆ, ಫಿಲ್ಟರ್ ಹಾಕಿ ಬದಲಾಯಿಸಿದ್ರೆ ಅವ್ರಿಗೆ ನೋವಾಗುತ್ತೆ. ಸಾಲಲ್ಲಿರೋ ಬೇರೆ ಹುಡುಗರ ಮುಖ ಚೆನ್ನಾಗಿ ಬಂದ್ರೆ ಅವೂ 6x8 ಹಾಕಿಸಿ ಕವರಲ್ಲಿಟ್ಟು ತಮ್ಮನ ಕೈಲಿ ಕಳ್ಸಿ, ಅವ್ರ ಮನೇಲೂ ಗ್ರೂಪ್ ಫೋಟೋನೇ ಇರ್ಬೇಕು. ರಾ ಫೈಲ್ ಪೆನ್‌ಡ್ರೈವಲ್ಲಿ ತನ್ನಿ, ವಾಟ್ಸಾಪಲ್ಲಿ ಕಳಿಸ್ಬೇಡಿ, ಕ್ವಾಲಿಟಿ ಹೋಗುತ್ತೆ.